ಹನ್ನೆರಡು ಅಂಕಣದ ಮನೆ

ವಿಭಾಗದ ವಾರ್ತಾಪತ್ರಿಕೆಗೆ ಒಂದು ಅಂಕಣ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ವಿದ್ಯಾರ್ಥಿಗಳು ಕೇಳಿದಾಗ ನನ್ನ ಮನಸ್ಸು ಪತ್ರಿಕೆಯತ್ತ ಹೋಗದೆ ನಾಗಲಗಿದ್ದದ ನಮ್ಮ ಹಳೆಯ ಮನೆಯತ್ತ ಹೋಯಿತು. ಅಂಕಣವೆಂಬ ಮಾತನ್ನು ನಾನು ಮೊದಲು ಕೇಳಿದ್ದು ಪತ್ರಿಕೆಯ ಸಂಬಂಧದಲ್ಲಿ ಅಲ್ಲ, ನಮ್ಮ ಆಯಿಯ ಬಾಯಿಂದ. ಬೀಗರು ಬಂದು ಪಡಸಾಲೆಯಲ್ಲಿ ಕುಳಿತಾಗ "ನಮ್ದು ಹನ್ನೆರಡ ಅಂಕಣದ ಮನಿ ಅದರೀ" ಎಂದು ಅವಳು ಹೇಳುತ್ತಿದ್ದಳು. ಎಷ್ಟು ಎಕರೆ ಹೊಲ, ಎಷ್ಟು ತೊಲ ಬಂಗಾರ ಎಂಬುದನ್ನು ಹೇಳುವಾಗ ಇಲ್ಲದ ಒಂದು ಗತ್ತು ಆ ಮಾತಿನಲ್ಲಿ ಇರುತ್ತಿತ್ತು.

ಸಾಲುಗಂಬಗಳುಳ್ಳ ಮನೆಯಲ್ಲಿ ಕಂಬಕ್ಕೂ ಕಂಬಕ್ಕೂ ನಡುವಣ ಜಾಗವೇ ಅಂಕಣ. ಕಿಟ್ಟೆಲ್ ಅವರ 1894ರ ನಿಘಂಟಿನಲ್ಲಿಯೂ ಆ ಪದಕ್ಕೆ ಈ ಅರ್ಥವಿದೆ. ತೆಲುಗಿನವರು ಅದನ್ನೇ ಅಂಕಣಮು ಎನ್ನುತ್ತಾರೆ. ಮರಾಠಿಯವರು ಖಣ ಎನ್ನುತ್ತಾರೆ. ಮೂರು ಭಾಷೆಗಳು ಕೂಡುವ ನಮ್ಮ ಸೀಮೆಯಲ್ಲಿ ಮನೆಯ ಗಾತ್ರವನ್ನು ಚದರಡಿಯಲ್ಲಿ ಹೇಳುವ ರೂಢಿ ಇತ್ತೀಚಿನದು. ನಾಲ್ಕು ಅಂಕಣದ್ದು ಬಡವರ ಮನೆ, ಹನ್ನೆರಡರದ್ದು ಅನುಕೂಲಸ್ಥರದ್ದು, ಅದಕ್ಕೂ ಮೀರಿದರೆ ವಾಡೆ. ಪತ್ರಿಕೆಯ ಪುಟದಲ್ಲಿ ಗೆರೆಗಳ ನಡುವೆ ಮೇಲಿಂದ ಕೆಳಗೆ ಇಳಿಯುವ ಬರಹದ ಪಟ್ಟಿಗೆ ಆ ಹೆಸರು ಬಂದದ್ದು ಅನಂತರ. ಇಂಗ್ಲಿಷಿನವರು ಆ ಪಟ್ಟಿಯನ್ನು ಕಂಬದ ಹೆಸರಿನಿಂದ ಕರೆದರು. ನಾವು ಕಂಬಗಳ ನಡುವಣ ಬಯಲಿನ ಹೆಸರಿನಿಂದ ಕರೆದೆವು. ಈ ವ್ಯತ್ಯಾಸವನ್ನು ತರಗತಿಯಲ್ಲಿ ಹಲವು ಸಲ ಸ್ವಾರಸ್ಯವಾಗಿ ಹೇಳಿದ್ದೇನೆ. ಆದರೆ ಕಂಬವೆಂದರೇನೆಂಬುದು ನನಗೆ ತಿಳಿದದ್ದು ಮೂರು ವರ್ಷಗಳ ಹಿಂದೆ, ಶ್ರಾವಣದ ಒಂದು ರಾತ್ರಿ.

ಮೊದಲು ಆ ಮನೆಯ ಕಟ್ಟೋಣವನ್ನು ಹೇಳಬೇಕು. ಉದ್ದಕ್ಕೆ ನಾಲ್ಕು, ಅಗಲಕ್ಕೆ ಮೂರು, ಹೀಗೆ ಹನ್ನೆರಡು ಅಂಕಣ. ಒಂದೊಂದು ಅಂಕಣ ಸುಮಾರು ಎಂಟು ಅಡಿ ಉದ್ದ, ಆರು ಅಡಿ ಅಗಲ. ಕಂಬದ ಅಡಿಗೆ ಕಲ್ಲು; ಕಂಬದ ತಲೆಯ ಮೇಲೆ ಬೋದಿಗೆ; ಬೋದಿಗೆಯ ಮೇಲೆ ತೊಲೆ; ತೊಲೆಯಿಂದ ತೊಲೆಗೆ ಜಂತಿ; ಜಂತಿಗಳ ಮೇಲೆ ಸಿಗಿದ ಕಟ್ಟಿಗೆಯ ಹಾಸು; ಅದರ ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು; ಆಮೇಲೆ ಮಣ್ಣು; ಎಲ್ಲಕ್ಕೂ ಮೇಲೆ ಸವಳು ಮಣ್ಣು. ಇದು ನಮ್ಮ ಕಡೆಯ ಮಾಳಿಗೆ. ಬೋದಿಗೆಯನ್ನು ಬಹಳ ಜನ ಅಲಂಕಾರವೆಂದು ತಿಳಿಯುತ್ತಾರೆ. ಅದು ಕಂಬದ ಎರಡೂ ಮಗ್ಗುಲಿಗೆ ತೋಳು ಚಾಚಿ ತೊಲೆಯನ್ನು ಹಿಡಿಯುತ್ತದೆ. ಅಷ್ಟರಮಟ್ಟಿಗೆ ತೊಲೆಯು ಆಸರೆಯಿಲ್ಲದೆ ದಾಟಬೇಕಾದ ದೂರ ಕಡಿಮೆಯಾಗುತ್ತದೆ. ಸವಳು ಮಣ್ಣಿಗೂ ಒಂದು ಗುಣವಿದೆ. ಮಳೆಗೆ ನೆನೆದೊಡನೆ ಅದು ಅಂಟಿನಂತಾಗಿ ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿ, ನೀರನ್ನು ಒಳಗೆ ಬಿಡದೆ ದೋಣಿಯತ್ತ ಹರಿಸುತ್ತದೆ. ಬೆಳೆ ಬಾರದ ಸವಳು ನೆಲದ ಆ ಮಣ್ಣನ್ನು ಪ್ರತಿ ವರ್ಷ ಮೃಗಶಿರಾ ಮಳೆಗೆ ಮುಂಚೆ ಬಂಡಿಯಲ್ಲಿ ತಂದು ಮಾಳಿಗೆಗೆ ಹಾಸುತ್ತಿದ್ದರು.

ಗೋಡೆಗಳು ಕಲ್ಲು ಮಣ್ಣಿನವು, ಎರಡು ಅಡಿಗೂ ಹೆಚ್ಚು ದಪ್ಪ. ನಡುಮನೆಯಲ್ಲಿ ಎಣ್ಣೆ, ಕೈಯ ಜಿಡ್ಡು, ಒಲೆಯ ಹೊಗೆ ಕುಡಿದು ಕಪ್ಪಾದ ಆರು ಕಂಬಗಳು. ಬಾಲ್ಯದಲ್ಲಿ ನಾವು ಕಂಬದಾಟ ಆಡುತ್ತಿದ್ದದ್ದು ಆ ಆರರ ನಡುವೆ. ಆದ್ದರಿಂದ ನಮ್ಮ ಮನೆಗೆ ಆರು ಕಂಬವೆಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಉಳಿದ ಭಾರವನ್ನೆಲ್ಲ ಆ ದಪ್ಪ ಗೋಡೆಗಳು ಹೊತ್ತಿವೆಯೆಂದೇ ನಂಬಿದ್ದೆ. ಮನೆ ಎಂದರೆ ಗೋಡೆ. ಕಂಬಗಳು ಗೋಡೆಗೆ ಒತ್ತಾಸೆ. ಮೂವತ್ತು ದಾಟಿದ ಮೇಲೂ ನನ್ನ ತಿಳಿವಳಿಕೆ ಇಷ್ಟೇ ಆಗಿತ್ತು.

ಆಯಿ ಮದುವೆಯಾಗಿ ಆ ಮನೆಗೆ ಬಂದಾಗ ಅದು ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ನಾರಾಯಣಖೇಡ ತಾಲ್ಲೂಕು, ಜಹೀರಾಬಾದಿನ ಬಹುಭಾಗ ಮತ್ತು ಗುಲ್ಬರ್ಗ ಜಿಲ್ಲೆಯ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಮನೆ ಮೆದಕ್ ಜಿಲ್ಲೆಯದಾಯಿತು. 2014ರಲ್ಲಿ ತೆಲಂಗಾಣದ್ದಾಯಿತು, 2016ರ ಅಕ್ಟೋಬರಿನಲ್ಲಿ ಸಂಗಾರೆಡ್ಡಿ ಜಿಲ್ಲೆಯದಾಯಿತು. ಮಾಂಜ್ರಾ ನದಿಯ ಆಚೀಚೆ ಗೆರೆಗಳು ಇಷ್ಟು ಸಲ ಬದಲಾದರೂ ಆಯಿ ಒಂದು ಅಂಕಣದಿಂದ ಇನ್ನೊಂದು ಅಂಕಣಕ್ಕೆ ಹಾಸಿಗೆ ಬದಲಿಸಿದ್ದಳೇ ಹೊರತು ಮನೆ ಬದಲಿಸಿದವಳಲ್ಲ. ಅವಳ ಮೊಮ್ಮಕ್ಕಳಲ್ಲಿ ನಾನು ಕನ್ನಡ ಓದಿದೆ. ತಮ್ಮ ತೆಲುಗು ಓದಿದ.

ಮನೆಯ ಬಗ್ಗೆ ಮೊದಲ ಭಯ ಹುಟ್ಟಿದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಆಗ ನಾನು ಚಿಕ್ಕ ಹುಡುಗ. ಪಾತ್ರೆಗಳು ಸದ್ದು ಮಾಡಿದವು, ಜಂತಿಯ ಸಂದಿಯಿಂದ ಮಣ್ಣು ಉದುರಿತು, ಮುತ್ಯಾ ನಮ್ಮನ್ನೆಲ್ಲ ಅಂಗಳಕ್ಕೆ ಎಳೆದು ತಂದರು. ನಮ್ಮ ಊರಿನಿಂದ ಪಡುವಲಿಗೆ ನೂರು ಕಿಲೊಮೀಟರಿಗೂ ಸ್ವಲ್ಪ ಆಚೆ ಇರುವ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕು ನಿಮಿಷವಿರುವಾಗ ಭೂಮಿ ನಡುಗಿ, ಸುಮಾರು ಹತ್ತು ಸಾವಿರ ಜನ ಸತ್ತ ಸುದ್ದಿ ಹಗಲಾದ ಮೇಲೆ ತಿಳಿಯಿತು. ಗಣಪತಿಯನ್ನು ಕಳುಹಿಸಿ ಮಲಗಿದ ಊರುಗಳು ಅವು. ಅಲ್ಲಿಯ ಮನೆಗಳೂ ನಮ್ಮವೇ: ಮಣ್ಣಿನಲ್ಲಿ ಕೂಡಿಸಿದ ಗುಂಡುಕಲ್ಲಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಜನರನ್ನು ಕೊಂದದ್ದು ಹೆಚ್ಚಾಗಿ ಆ ಗೋಡೆಯ ಕಲ್ಲು, ಆ ಮಾಳಿಗೆಯ ಮಣ್ಣು.

ಹದಿನೈದು ದಿನ ಊರೆಲ್ಲ ಬಯಲಿನಲ್ಲಿ ಮಲಗಿತು. ಆಮೇಲೆ ಮುತ್ಯಾ ಒಂದು ಕೆಲಸ ಮಾಡಿದರು. ಪ್ರತಿ ವರ್ಷ ಹೊಸ ಮಣ್ಣು ಹಾಕುತ್ತ ಬಂದುದರಿಂದ ನಮ್ಮ ಮಾಳಿಗೆ ಒಂದೂವರೆ ಅಡಿಯಷ್ಟು ದಪ್ಪವಾಗಿತ್ತು. ಒಂದು ಅಡಿ ದಪ್ಪದ ಮಣ್ಣು ಒಂದು ಚದರ ಮೀಟರಿಗೆ ಅರ್ಧ ಟನ್ನಿನಷ್ಟು ತೂಗುತ್ತದೆ. ಆ ಲೆಕ್ಕದಲ್ಲಿ ನಮ್ಮ ತಲೆಯ ಮೇಲೆ ನಲವತ್ತು ಟನ್ನಿನಷ್ಟು ಭಾರವಿತ್ತು. ಲೆಕ್ಕ ಈಗ ನಾನು ಹಾಕಿದ್ದು, ಮುತ್ಯಾ ಹಾಕಲಿಲ್ಲ. ಅವರು ಆಳುಗಳನ್ನು ಹತ್ತಿಸಿ ಅರ್ಧಕ್ಕೂ ಹೆಚ್ಚು ಮಣ್ಣನ್ನು ಕೆಳಗಿಳಿಸಿದರು, ಉಳಿದದ್ದನ್ನು ಕುಟ್ಟಿಸಿ ತೆಳುವಾಗಿ ಸವಳು ಮಣ್ಣು ಹಾಸಿಸಿದರು. ಗೋಡೆಗೆ ಕೈ ಹಚ್ಚಲಿಲ್ಲ. ಇಳಿಸಿದ ಮಣ್ಣು ಅಂಗಳದ ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದು ನಮಗೆ ಆಟದ ಜಾಗವಾಯಿತು.

ಗೋಡೆಗೆ ಕೈ ಹಚ್ಚಿದವನು ನಾನು. ಕೆಲಸ ಸಿಕ್ಕಿ ಮೊದಲ ವರ್ಷದ ಸಂಬಳ ಕೂಡಿಟ್ಟಾಗ ಊರಿಗೆ ಏನಾದರೂ ಮಾಡಬೇಕೆಂಬ ಉಮೇದು. ಮಳೆಯ ಹೊಡೆತಕ್ಕೆ ಸಿಕ್ಕುವ ಪಡುವಣ ಗೋಡೆ ಮತ್ತು ಹಿಂದಿನ ಗೋಡೆಗಳ ಮಣ್ಣಿನ ಗಿಲಾವನ್ನು ಕೆರೆಸಿ ಹೊರಮೈಗೆ ಒಂದು ಅಂಗುಲ ಸಿಮೆಂಟು ಮೆತ್ತಿಸಿದೆ. ಆಯಿ ಅಡ್ಡ ಬಂದಿದ್ದಳು. "ಮಣ್ಣಿನ ಗ್ವಾಡಿಗಿ ಮಣ್ಣೇ ಚಂದಪ್ಪ" ಎಂದು ಎರಡು ಸಲ ಹೇಳಿದಳು. ಹಳಬರ ಹಟವೆಂದು ನಾನು ನಕ್ಕೆ. ಬೂದು ಬಣ್ಣದ ಆ ಗೋಡೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡದ್ದೂ ನೆನಪಿದೆ.

ಅದೇ ಕಾಲದಲ್ಲಿ ನನ್ನ ದಿನನಿತ್ಯದ ದಾರಿಯಲ್ಲಿ ಇನ್ನೊಂದು ಮನೆಯ ಚಿತ್ರವಿತ್ತು. ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗದ ಗೋಡೆಯ ಮೇಲೆ ತೂಗುಹಾಕಿರುವ, ಸ್ಟ್ರಾಟ್‌ಫರ್ಡ್ ಪಟ್ಟಣದ ಹೆನ್ಲಿ ಬೀದಿಯಲ್ಲಿರುವ ಶೇಕ್ಸ್‌ಪಿಯರನ ಜನ್ಮಗೃಹದ ಆ ಚಿತ್ರವನ್ನು ಓದುಗರೆಲ್ಲ ನೋಡಿಯೇ ಇರುತ್ತೀರಿ. ನಸುಬಣ್ಣದ ಗೋಡೆ, ಅದರ ಮೇಲೆ ನೆಟ್ಟಗೂ ಅಡ್ಡಕ್ಕೂ ಹಾದ ಮರದ ಪಟ್ಟಿಗಳು. ಆ ಪಟ್ಟಿಗಳು ಚೆಲುವಿಗಾಗಿ ಗೋಡೆಗೆ ಹಚ್ಚಿದ ಹಲಗೆಗಳೆಂದೇ ನಾನು ಎಷ್ಟೋ ವರ್ಷ ತಿಳಿದಿದ್ದೆ. ಅಲ್ಲಿಯೂ ನನ್ನ ಕಣ್ಣಿಗೆ ಗೋಡೆಯೇ ಮನೆ, ಮರ ಅದರ ಮೇಲಿನ ಬರಹ.

ಮೂರು ವರ್ಷಗಳ ಹಿಂದಿನ ಶ್ರಾವಣದಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಮಾಂಜ್ರಾ ತುಂಬಿ ಹರಿಯಿತು. ನಾಲ್ಕನೆಯ ರಾತ್ರಿ ತಮ್ಮನಿಂದ ಫೋನು ಬಂತು. ಪಡುವಣ ಗೋಡೆ ಬುಡಸಹಿತ ಹೊರಕ್ಕೆ ಬಿದ್ದಿತ್ತು. ಆಯಿ ಮಲಗಿದ್ದದ್ದು ಆ ಗೋಡೆಯ ಪಕ್ಕದ ಅಂಕಣದಲ್ಲಿ. ತಮ್ಮ ಅಷ್ಟು ಹೇಳಿ ಒಂದು ಕ್ಷಣ ಸುಮ್ಮನಾದ. ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಕಿಲ್ಲಾರಿಯ ಪತ್ರಿಕಾ ಚಿತ್ರಗಳು. ಆಮೇಲೆ ಅವನು ಫೋನನ್ನು ಅವಳ ಕೈಗೆ ಕೊಟ್ಟ. "ಗ್ವಾಡಿ ಬಿದ್ದದ, ಮನಿ ಬಿದ್ದಿಲ್ಲ. ನೀ ಮಳ್ಯಾಗ ಬರಬ್ಯಾಡ" ಎಂದಳು ಆಯಿ.

ಬೆಳಗಾಗುವುದರೊಳಗೆ ನಾನು ಊರಿನಲ್ಲಿದ್ದೆ. ಮಳೆ ನಿಂತಿತ್ತು. ಪಡುವಣ ಗೋಡೆಯಿದ್ದ ಕಡೆ ಕಲ್ಲು ಮಣ್ಣಿನ ರಾಶಿ, ಅದರ ಮೇಲೆ ನಾನು ಮೆತ್ತಿಸಿದ ಸಿಮೆಂಟಿನ ಹಾಳೆ ದೊಡ್ಡ ದೊಡ್ಡ ತುಂಡುಗಳಾಗಿ ಬಿದ್ದಿತ್ತು. ಒಳಗೆ ಆಯಿಯ ಹಾಸಿಗೆ, ದೇವರ ಜಗಲಿ, ಗೂಟಕ್ಕೆ ತೂಗುಹಾಕಿದ ಲಾಟೀನು, ಎಲ್ಲ ಬೀದಿಗೆ ಕಾಣುತ್ತಿದ್ದವು. ಮಾಳಿಗೆ ಆ ಬದಿಗೆ ಒಂದು ಗೇಣಿನಷ್ಟು ಜಗ್ಗಿ ನಿಂತಿತ್ತು. ಅದನ್ನು ಹೊತ್ತು ನಿಂತಿದ್ದವು ನಾನು ಎಂದೂ ಕಾಣದ ನಾಲ್ಕು ಕಂಬಗಳು. ಗೋಡೆಯ ಒಳಗೆ, ಕಲ್ಲು ಮಣ್ಣಿನ ನಡುವೆ, ಅವು ಯಾರಿಗೂ ಕಾಣದೆ ನಿಂತಿದ್ದವು. ಊರಿನ ವಯೋವೃದ್ಧ ಬಡಿಗೇರ ಕಾಕಾ ಬಂದು ನೋಡಿ, ಬೆರಳು ಮಡಚದೆ ಲೆಕ್ಕ ಹೇಳಿದರು: "ಹನ್ನೆರಡ ಅಂಕಣಕ್ಕ ಇಪ್ಪತ್ತ ಕಂಬ ಇರಬೇಕಲ್ರೀ ಸರ್. ಆರು ಒಳಗ, ಹದಿನಾಲ್ಕು ಗ್ವಾಡ್ಯಾಗ."

ನಿಘಂಟು ತೆರೆದು ಅಂಕಣದ ಅರ್ಥ ಹೇಳುತ್ತಿದ್ದ ನಾನು ಆ ಅರ್ಥದಿಂದಲೇ ಹೊರಡುವ ಈ ಸರಳ ಲೆಕ್ಕವನ್ನು ಮಾಡಿರಲಿಲ್ಲ. ನಾಲ್ಕು ಅಂಕಣಕ್ಕೆ ಐದು ಕಂಬದ ಸಾಲು, ಮೂರು ಅಂಕಣಕ್ಕೆ ನಾಲ್ಕು ಸಾಲು. ಐದು ನಾಲ್ಕಲೆ ಇಪ್ಪತ್ತು. ಗೋಡೆಗಳು ಮಾಳಿಗೆಯನ್ನು ಹೊತ್ತಿರಲೇ ಇಲ್ಲ. ಅವು ಗಾಳಿ, ಮಳೆ, ಕಳ್ಳರನ್ನು ತಡೆಯುವ ಮರೆಗಳಾಗಿದ್ದವು. ಕಿಲ್ಲಾರಿಯ ಭೂಕಂಪದ ಮೇಲಿನ ಅಧ್ಯಯನಗಳನ್ನು ಆಮೇಲೆ ಹುಡುಕಿ ಓದಿದೆ. ಕಂಬ ತೊಲೆಗಳ ಚೌಕಟ್ಟು ಪೂರ್ಣವಾಗಿದ್ದ ಮನೆಗಳಲ್ಲಿ ಗೋಡೆಗಳು ಉರುಳಿದರೂ ಮಾಳಿಗೆ ಮರದ ಮೇಲೆಯೇ ನಿಂತು ಒಳಗಿದ್ದವರು ಉಳಿದ ನಿದರ್ಶನಗಳು ಅಲ್ಲಿಯೂ ದಾಖಲಾಗಿವೆ. ಚೌಕಟ್ಟು ಇಲ್ಲದೆ ಗೋಡೆಯ ಮೇಲೆಯೇ ಮಾಳಿಗೆಯ ಭಾರ ಹಾಕಿದ ಮನೆಗಳಿಗೆ ಆ ಭಾಗ್ಯವಿರಲಿಲ್ಲ.

ಕಾಲೇಜಿಗೆ ಮರಳಿದ ದಿನ ಇಂಗ್ಲಿಷ್ ವಿಭಾಗದ ಆ ಚಿತ್ರದ ಮುಂದೆ ಬಹಳ ಹೊತ್ತು ನಿಂತೆ. ಅದೀಗ ಬೇರೆಯೇ ಮನೆಯಾಗಿ ಕಂಡಿತು. ಪಟ್ಟಿಗಳೆಂದು ತಿಳಿದಿದ್ದವು ಕಂಬ, ತೊಲೆಗಳು. ನಡುವಣ ನಸುಬಣ್ಣದ ಭಾಗ ಬರೀ ತುಂಬುಮೈ. ಕಡ್ಡಿಗಳನ್ನು ನೇಯ್ದ ತಡಿಕೆಗೆ ಮಣ್ಣು, ಸಗಣಿ, ಹುಲ್ಲು ಕಲಸಿ ಎರಡೂ ಬದಿಯಿಂದ ಮೆತ್ತಿ ಸುಣ್ಣ ಬಳಿದದ್ದು. ತಡಿಕೆ, ಸಗಣಿ, ಮಣ್ಣು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಹೊಲದ ಗುಡಿಸಲು. ಇಂಗ್ಲೆಂಡಿನಲ್ಲಿ ಆ ವಿಧಾನದಿಂದ ಸಿರಿವಂತರ ಭವನಗಳೂ ಎದ್ದಿವೆ. ಅಲ್ಲಿಯೂ ಮನೆಯ ಎಣಿಕೆ ಅಂಕಣದಿಂದಲೇ. ಎರಡು ಅಡ್ಡ ಚೌಕಟ್ಟುಗಳ ನಡುವಣ ಜಾಗಕ್ಕೆ ಅವರಲ್ಲಿಯೂ ಪ್ರತ್ಯೇಕ ಹೆಸರಿದೆ. ಹಳೆಯ ದಾಖಲೆಗಳು ಇಂಥವರದು ಇಷ್ಟು ಅಂಕಣದ ಮನೆ, ಇಷ್ಟು ಅಂಕಣದ ಕಣಜ ಎಂದೇ ಬರೆದಿಡುತ್ತಿದ್ದವು. ಆಯಿ ಅಲ್ಲಿ ಹುಟ್ಟಿದ್ದರೂ ಬೀಗರ ಮುಂದೆ ಅದೇ ಮಾತನ್ನು ಆಡುತ್ತಿದ್ದಳು.

ಶೇಕ್ಸ್‌ಪಿಯರ್ ಹುಟ್ಟಿದ್ದು 1564ರಲ್ಲಿ. ಅದೇ ಕಾಲದಲ್ಲಿ ನಮ್ಮ ಬೀದರ್ ಕೋಟೆಯಲ್ಲಿ ಅಲಿ ಬರೀದ್ ಶಾಹನ ಆಳ್ವಿಕೆ ನಡೆದಿತ್ತು. 1542ರಿಂದ 1580ರವರೆಗೆ ಆಳಿದ ಆತ ರಂಗೀನ್ ಮಹಲನ್ನು ಮರುರೂಪಿಸಿದ. ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸಕ್ಕೆ ಆ ಮಹಲು ಪ್ರಸಿದ್ಧ. ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ನಾನೂ ಆ ಚಿಪ್ಪಿನ ಹೊಳಪನ್ನೇ ತೋರಿಸುತ್ತಿದ್ದೆ. ಗೋಡೆ ಬಿದ್ದ ಮೇಲೆ ಹೋದಾಗ ಮೊದಲು ನೋಡಿದ್ದು ಅಲ್ಲಿಯ ಮರದ ಕಂಬಗಳನ್ನು. ಸೂಕ್ಷ್ಮ ಕೆತ್ತನೆಯ ಆ ಬೋದಿಗೆಗಳು ರಾಜವೈಭವದ ವಸ್ತುಗಳಾದರೂ ಮಾಡುವ ಕೆಲಸ ನಮ್ಮ ಮನೆಯ ಕಪ್ಪು ಬೋದಿಗೆಗಳು ಮಾಡುವ ಕೆಲಸವೇ. ಅರಮನೆಯ ಬಡಿಗನೂ ನಮ್ಮೂರ ಬಡಿಗನೂ ಒಂದೇ ವ್ಯಾಕರಣವನ್ನು ಕಲಿತವರು.

ಆದರೆ ಇಂಗ್ಲಿಷ್ ಚೌಕಟ್ಟಿನಲ್ಲಿ ನಮ್ಮದರಲ್ಲಿ ಇಲ್ಲದ ಒಂದು ಅಂಗವಿದೆ. ಕಂಬವೂ ತೊಲೆಯೂ ಕೂಡುವ ಮೂಲೆಯಲ್ಲಿ ಅವರು ಓರೆಯಾಗಿ ಒಂದು ತುಂಡು ಮರವನ್ನು ಕೂರಿಸುತ್ತಾರೆ. ಮೇಲಿನ ಭಾರಕ್ಕೆ ಕಂಬ ಸಾಕು. ಅಕ್ಕಪಕ್ಕದ ತೂಗಾಟಕ್ಕೆ ಈ ಓರೆಗಂಬ ಬೇಕು. ನಮ್ಮಲ್ಲಿ ಆ ತೂಗಾಟವನ್ನು ದಪ್ಪ ಗೋಡೆಯೇ ತಡೆಯಲಿ ಎಂದು ಬಿಟ್ಟಿದ್ದರು. ಕೂಡಿಸುವ ಕ್ರಮವೂ ಗಮನಿಸತಕ್ಕದ್ದು. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರ ಗುಳಿಗೆ ತೂರಿಸಿ, ಅಡ್ಡಲಾಗಿ ತೂತು ಕೊರೆದು ಓಕ್ ಮರದ ಗೂಟ ಹೊಡೆಯುತ್ತಿದ್ದರು. ಬಹುಮಟ್ಟಿಗೆ ಹಸಿ ಮರವನ್ನೇ ಬಳಸುತ್ತಿದ್ದುದರಿಂದ ಒಣಗಿದಂತೆಲ್ಲ ಆ ಕೂಡು ಬಿಗಿಯಾಗುತ್ತಿತ್ತು. ಎಲ್ಲವನ್ನೂ ನೆಲದ ಮೇಲೆ ಮೊದಲು ಹೊಂದಿಸಿ ನೋಡಿ, ಕೂಡುಗಳಿಗೆ ಉಳಿಯಿಂದ ಗೀರು ಹಾಕಿ ಗುರುತು ಮಾಡಿ, ಬಿಚ್ಚಿ, ಮತ್ತೆ ನಿಲ್ಲಿಸುತ್ತಿದ್ದರು. ಹೀಗೆ ಕಟ್ಟಿದ್ದನ್ನು ಬಿಚ್ಚಬಹುದು, ಬಿಚ್ಚಿದ್ದನ್ನು ಕಟ್ಟಬಹುದು.

ಅವರೂ ತಪ್ಪು ಮಾಡದವರಲ್ಲ. ಚೆಷೈರ್ ಪ್ರಾಂತದಲ್ಲಿ ಲಿಟಲ್ ಮೋರ್ಟನ್ ಹಾಲ್ ಎಂಬ ಮರದ ಚೌಕಟ್ಟಿನ ಭವನವಿದೆ. ಸುಮಾರು 1504ರಿಂದ 1610ರವರೆಗೆ ಒಂದೇ ಮನೆತನದ ತಲೆಮಾರುಗಳು ಅದನ್ನು ಕಟ್ಟುತ್ತ ಬಂದವು. ಕೊನೆಕೊನೆಗೆ ಯಾರೋ ಆಸೆಪಟ್ಟು ನೆತ್ತಿಯ ಮೇಲೆ ಒಂದು ಉದ್ದನೆಯ ಪಡಸಾಲೆ ಏರಿಸಿ, ಅದಕ್ಕೆ ಭಾರವಾದ ಕಲ್ಲುಚಪ್ಪಡಿಯ ಮಾಡು ಹೊದಿಸಿದರು. ಆ ಭಾರಕ್ಕೆ ಕೆಳಗಿನ ಅಂತಸ್ತುಗಳು ಬಾಗಿ ಸೊಟ್ಟಗಾದವು. ಮನೆ ಇಂದಿಗೂ ಹಾಗೆಯೇ ಸೊಟ್ಟಗೆ ನಿಂತಿದೆ. ವರ್ಷವರ್ಷವೂ ಮಾಳಿಗೆಗೆ ಮಣ್ಣು ಏರಿಸಿದ ನಮ್ಮ ಹಿರಿಯರೂ ಅದನ್ನೇ ಮಾಡಿದ್ದರು. ಭಾರ ಇಳಿಸುವ ಬುದ್ಧಿ ನಮ್ಮಲ್ಲಿ ಮುತ್ಯಾನಿಗೆ ಬಂತು. ಆ ಅರ್ಧ ಮಣ್ಣು ಇಳಿಯದೆ ಇದ್ದಿದ್ದರೆ ಶ್ರಾವಣದ ಆ ರಾತ್ರಿ ಏನಾಗುತ್ತಿತ್ತು ಎಂಬುದನ್ನು ನಾನು ಪೂರ್ತಿಯಾಗಿ ಯೋಚಿಸಲಾರೆ.

ಏಕೆಂದರೆ ಆ ನಾಲ್ಕು ಕಂಬಗಳಲ್ಲಿ ಎರಡರ ಬುಡ ಕೊಳೆತು ಹೋಗಿತ್ತು. ಅವು ಅಡಿಗಲ್ಲಿನ ಮೇಲೆ ನಿಂತಿರಲಿಲ್ಲ. ಮೇಲಿನ ತೊಲೆಗೆ ಜೋತುಬಿದ್ದಿದ್ದವು. ಬಡಿಗೇರ ಕಾಕಾ ಕೈ ಹಾಕಿದರೆ ಸಾಗುವಾನಿಯ ಮರ ಒದ್ದೆ ಅವಲಕ್ಕಿಯಂತೆ ಬೆರಳಿಗೆ ಬರುತ್ತಿತ್ತು. ಹಿಂದಿನ ಗೋಡೆಯನ್ನು ಬಿಚ್ಚಿದಾಗ ಅಲ್ಲಿಯೂ ಅದೇ ಕಥೆ. ಒಟ್ಟು ಏಳು ಕಂಬಗಳು ಕೆಟ್ಟಿದ್ದವು. ಏಳೂ ನಾನು ಸಿಮೆಂಟು ಮೆತ್ತಿಸಿದ ಗೋಡೆಗಳ ಒಳಗಿನವು. ಮಣ್ಣಿನ ಗೋಡೆ ನೆಲದಿಂದಲೂ ಮಳೆಯಿಂದಲೂ ನೀರು ಕುಡಿಯುತ್ತದೆ. ಬಿಸಿಲು ಬಂದಾಗ ಅದನ್ನು ಹೊರಗೆ ಬಿಡುತ್ತದೆ. ಸಿಮೆಂಟು ಆ ಬಾಗಿಲನ್ನು ಮುಚ್ಚಿತು. ಬಿರುಕುಗಳಲ್ಲಿ ಇಳಿದ ನೀರು ಒಳಗೇ ಉಳಿಯಿತು. ಗೋಡೆಯ ಹೊಟ್ಟೆ ಹನ್ನೆರಡು ತಿಂಗಳೂ ತೇವ. ಆ ತೇವದಲ್ಲಿ ಮರ ಕೊಳೆಯಿತು, ಗೆದ್ದಲು ಸೇರಿತು. ಇಂಗ್ಲೆಂಡಿನಲ್ಲಿ ಹಳೆಯ ಮನೆಗಳನ್ನು ಕಾಪಾಡುವವರೂ ಇದನ್ನೇ ಹೇಳುತ್ತಾರೆ: ಸುಣ್ಣದ ಗಿಲಾವು ತೆಗೆದು ಸಿಮೆಂಟು ಬಳಿದ ಕಡೆ ನೂರಾರು ವರ್ಷ ಬಾಳಿದ ಓಕ್ ಮರ ಕೆಲವೇ ದಶಕಗಳಲ್ಲಿ ಕೆಡುತ್ತದೆ. ಎರಡು ಸಲ ಹೇಳಿದ ಆಯಿಯ ಮಾತಿನಲ್ಲಿ ಈ ವಿಜ್ಞಾನವೆಲ್ಲ ಇತ್ತು. ಅವಳ ಕನ್ನಡ ನನಗೆ ಅರ್ಥವಾಗಿರಲಿಲ್ಲ. ಅರ್ಥವಾಗಲು ಬೇಕಾದ ವಿನಯ ನನ್ನಲ್ಲಿರಲಿಲ್ಲ. ಅವಳನ್ನು ಕಾಪಾಡಲೆಂದು ಗೋಡೆಯನ್ನು ಗಟ್ಟಿ ಮಾಡಿ, ಅವಳನ್ನು ನಿಜವಾಗಿ ಕಾಪಾಡುತ್ತಿದ್ದ ಕಂಬಗಳ ಬುಡವನ್ನು ನಾನು ಕೊಳೆಯಿಸಿದ್ದೆ. ಈ ಮಾತನ್ನು ಅವಳ ಮುಂದೆ ಹೇಳಿದಾಗ ಅವಳು ಕೋಪ ಮಾಡಲಿಲ್ಲ. "ಆಯ್ತು ಬಿಡು, ಉಂಡೀ?" ಎಂದು ಕೇಳಿದಳು.

ಮುಂದೇನು ಎಂಬ ಪ್ರಶ್ನೆಗೆ ನಮ್ಮಲ್ಲಿ ಒಮ್ಮತವಿರಲಿಲ್ಲ. ಎಲ್ಲವನ್ನೂ ಕೆಡವಿ ಸ್ಲ್ಯಾಬಿನ ಮನೆ ಕಟ್ಟಬೇಕೆಂದು ತಮ್ಮ ಹೇಳಿದ. ನಾನು ವಿರೋಧಿಸಿದೆ. "ಅಣ್ಣ, ನೀ ರಜಾಕ್ಕ ಬರಾಂವ. ಮಾಳಗಿ ಸೋರಿದ್ರ ರಾತ್ರಿ ಎದ್ದು ಬಗೋಣಿ ಇಡಾಂವ ನಾ" ಎಂದ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸವಳು ಮಣ್ಣು ತರುವ ಬಂಡಿಗಳಿಲ್ಲ, ಅದನ್ನು ಹಾಸಿ ಕುಟ್ಟಬಲ್ಲ ಕೈಗಳಿಲ್ಲ. ಹಳೆಯ ಮನೆಯ ಚೆಲುವನ್ನು ಹೊಗಳುವವನು ಅದರ ಸೋರಿಕೆಯ ಕೆಳಗೆ ಮಲಗುವವನಾಗಿರಬೇಕು. ಈ ನಡುವೆ ನಗರದಿಂದ ಹಳೆಯ ಮರದ ವ್ಯಾಪಾರಿಯೊಬ್ಬರು ಬಂದು ತಲಬಾಗಿಲ ಚೌಕಟ್ಟಿಗೂ ಬೋದಿಗೆಗಳಿಗೂ ಒಳ್ಳೆಯ ಬೆಲೆ ಹೇಳಿದರು. ಯಾವುದೋ ಹೋಟೆಲಿನ ಗೋಡೆಗೆ ಅವು ಅಲಂಕಾರವಾಗಲಿದ್ದವು. ಅವರು ಹೋದ ಮೇಲೆ ಆಯಿ ತಮ್ಮನನ್ನೂ ನನ್ನನ್ನೂ ಕೂರಿಸಿಕೊಂಡು, ಹಿಂದೆ ತಮ್ಮನ ಮನೆ, ಮುಂದೆ ತನ್ನ ಪಡಸಾಲೆ ಎಂದು ತೀರ್ಮಾನ ಹೇಳಿದಳು.

ಬಿಚ್ಚುವ ದಿನ ನಾನು ಸೀಮೆಸುಣ್ಣ ಹಿಡಿದು ಕಂಬಗಳಿಗೆ ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಬರೆಯತೊಡಗಿದೆ. ತಮ್ಮನ ಮಗಳು ತೆಲುಗು ಮಾಧ್ಯಮದವಳು. ಅವಳು ಪಕ್ಕದಲ್ಲಿ ತನ್ನ ಲಿಪಿಯಲ್ಲಿ ಬರೆದಳು. ಬಡಿಗೇರ ಕಾಕಾ ನಮ್ಮಿಬ್ಬರನ್ನೂ ನೋಡಿ ನಕ್ಕು, ಮಳೆ ಬಂದರೆ ಎರಡೂ ಹೋಗುತ್ತವೆ ಎಂದರು. ಉಳಿ ತೆಗೆದುಕೊಂಡು ಪ್ರತಿಯೊಂದು ಕಂಬಕ್ಕೂ ಅದರ ಬೋದಿಗೆಗೂ ಒಂದೇ ಎಣಿಕೆಯ ಗೀರು ಹಾಕಿದರು. ಆ ಗೀರುಗಳನ್ನು ಓದಲು ಯಾವ ಲಿಪಿಯೂ ಬೇಕಿರಲಿಲ್ಲ. ಐನೂರು ವರ್ಷದ ಹಿಂದಿನ ಇಂಗ್ಲಿಷ್ ಬಡಿಗನೊಬ್ಬ ಬಂದಿದ್ದರೂ ಯಾವುದನ್ನು ಯಾವುದಕ್ಕೆ ಕೂಡಿಸಬೇಕೆಂಬುದು ಅವನಿಗೆ ತಿಳಿಯುತ್ತಿತ್ತು.

ಹದಿಮೂರು ಕಂಬಗಳು ಗಟ್ಟಿಯಾಗಿದ್ದವು. ಹತ್ತರಿಂದ ನಾಲ್ಕು ಅಂಕಣದ ಪಡಸಾಲೆ ಎದ್ದಿತು. ಇಂಗ್ಲಿಷ್ ಮನೆಗಳ ಚಿತ್ರಗಳನ್ನು ಕಾಕಾ ಅವರಿಗೆ ತೋರಿಸಿ ಓರೆಗಂಬದ ಮಾತು ತೆಗೆದೆ. ಅವರು ಚಿತ್ರವನ್ನು ಒಂದೆರಡು ನಿಮಿಷ ನೋಡಿ, ಉಳಿದ ಮೂರು ಕಂಬಗಳನ್ನು ಕೊಯ್ದು ಮೂಲೆಗಳಿಗೆಲ್ಲ ಓರೆ ಆಸರೆ ಕೂರಿಸಿದರು. ಜಂತಿಯ ಮೇಲೆ ಮಣ್ಣಿನ ಬದಲು ತಾಂಡೂರಿನ ಕಲ್ಲಿನ ಚಪ್ಪಡಿ ಹಾಸಿ ಸಂದುಗಳಿಗೆ ಸುಣ್ಣದ ಗಾರೆ ಹಾಕಿದೆವು. ಒಂದು ಅಂಗುಲ ದಪ್ಪದ ಆ ಕಲ್ಲು ಚದರ ಮೀಟರಿಗೆ 65 ಕಿಲೊದಷ್ಟು ತೂಗುತ್ತದೆ. ಮಣ್ಣಿನ ಭಾರದಲ್ಲಿ ಏಳನೆಯ ಒಂದು ಪಾಲಿಗೂ ಕಡಿಮೆ. ಕಂಬದ ಬುಡಗಳೆಲ್ಲ ಈಗ ಬಯಲಿನಲ್ಲಿ ಕಾಣುತ್ತವೆ. ಮಳೆಗಾಲ ಮುಗಿದೊಡನೆ ಆಯಿ ಕೋಲಿನಿಂದ ಒಂದೊಂದನ್ನೂ ಕುಟ್ಟಿ ಸದ್ದು ಕೇಳುತ್ತಾಳೆ.

ಕನ್ನಡ ವಿಭಾಗದ ಪತ್ರಿಕೆಯಲ್ಲಿ ಮನೆ ಕಟ್ಟುವ ಕಥೆಯೇಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟು. ಬೋದಿಗೆ, ತೊಲೆ, ಜಂತಿ, ಬೆಳಕಿಂಡಿ, ಸವಳು ಮಣ್ಣು, ತಡಿಕೆ ಎಂಬ ಮಾತುಗಳನ್ನು ನಾನು ಪಾಠದಲ್ಲಿ ಪದಗಳಾಗಿ ಹೇಳಿದ್ದೆ. ಅವುಗಳ ಹಿಂದಿನ ತಿಳಿವಳಿಕೆಯನ್ನು ಕೇಳಿರಲಿಲ್ಲ. ಮಾಳಿಗೆಗಳು ಇಳಿದಂತೆ ಈ ಮಾತುಗಳೂ ಇಳಿಯುತ್ತಿವೆ. ಅವುಗಳ ಜೊತೆಗೆ, ಯಾವುದು ಭಾರ ಹೊರುತ್ತದೆ, ಯಾವುದು ಬರೀ ಮರೆ ಎಂಬ ಅರಿವೂ ಹೋಗುತ್ತದೆ. ನಾರಾಯಣಖೇಡ, ಜಹೀರಾಬಾದ್, ತಾಂಡೂರು, ಬೀದರ್ ಕಡೆಯಿಂದ ಬಂದ ವಿದ್ಯಾರ್ಥಿಗಳು ನಮ್ಮಲ್ಲಿದ್ದೀರಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಮನೆಯೋ ನೆರೆಮನೆಯೋ ಎಷ್ಟು ಅಂಕಣದ್ದೆಂದು ಹಿರಿಯರನ್ನು ಕೇಳಿರಿ. ಒಂದೊಂದು ಅಂಗಕ್ಕೂ ಅವರು ಹೇಳುವ ಹೆಸರನ್ನು, ಅದು ಕನ್ನಡವಾಗಲಿ, ತೆಲುಗಾಗಲಿ, ಮರಾಠಿಯಾಗಲಿ, ಅದು ಮಾಡುವ ಕೆಲಸದ ಸಹಿತ ಬರೆದು ತನ್ನಿ. ವಿಭಾಗದಲ್ಲಿ ಒಂದು ಕಡತ ತೆರೆದಿಡುತ್ತೇನೆ.

ಕಳೆದ ಯುಗಾದಿಗೆ ಬೀಗರು ಬಂದಿದ್ದರು. ಪಡಸಾಲೆಯಲ್ಲಿ ಕುಳಿತ ಅವರಿಗೆ ಆಯಿ ಎಂದಿನ ಗತ್ತಿನಲ್ಲೇ ಹೇಳಿದಳು: "ನಮ್ದು ನಾಕ ಅಂಕಣದ ಮನಿ ಅದರೀ. ಹತ್ತೂ ಕಂಬ ಕಾಣ್ತಾವ, ಎಣಿಸಿ ನೋಡ್ರಿ."